ಮೂವತ್ತು ಅಡಿ ಗುಂಡಿ, ಇಪ್ಪತ್ತು ಗುಂಟೆ ಮೆಕ್ಕೆಜೋಳ: ರಸಮೇವು ಮಾಡಿದ ಲೆಕ್ಕ

ದಾವಣಗೆರೆ ತಾಲ್ಲೂಕು ಆನಗೋಡು ಹೋಬಳಿ. ಐದು ಎಚ್‌ಎಫ್ ಮಿಶ್ರತಳಿ ಹಸು, ಬೋರ್‌ವೆಲ್ ನೀರಿರುವ ಒಂದು ಎಕರೆ ಕೆಂಪು ಹೊಲ. ಈ ಮುಂಗಾರಿನಲ್ಲಿ ಆ ಎಕರೆಯನ್ನು ಮೂರು ತುಂಡು ಮಾಡಿ ಮೂರು ರೀತಿಯಲ್ಲಿ ಮೇವಿನ ಮೆಕ್ಕೆಜೋಳ ಹಾಕಿದೆ. ಎರಡು ತುಂಡು ಹಸಿ ಮೇವಿಗೆ, ಒಂದು ತುಂಡು ರಸಮೇವಿಗೆ (ಸೈಲೇಜ್; ಹಸಿ ಮೇವನ್ನು ಕತ್ತರಿಸಿ, ಗಾಳಿಯಾಡದಂತೆ ಗುಂಡಿಯಲ್ಲಿ ತುಳಿದು ಮುಚ್ಚಿ, ಹುಳಿಯಲು ಬಿಟ್ಟು ಕಾಪಿಡುವ ಮೇವು). ಗುಂಡಿ ತೆರೆದು ಹಸುಗಳಿಗೆ ಹಾಕಲು ಶುರು ಮಾಡಿದ್ದೇನೆ. ಮಾಡಬೇಕೆಂದಿರುವವರಿಗೆ ಅಳತೆ, ಖರ್ಚು, ಕೆಟ್ಟದ್ದು, ಸರಿಹೋದದ್ದು ಎಲ್ಲ ಇಲ್ಲಿ ಬರೆದಿಟ್ಟಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳ ಗೊತ್ತಿಲ್ಲದವರಿಲ್ಲ. ಆದರೆ ಅದು ಕಾಳಿನ ಬೆಳೆ. ತೆನೆ ಮುರಿದ ಮೇಲೆ ಉಳಿದ ಒಣ ಸೊಪ್ಪೆಯನ್ನು ಬಣವೆ ಹಾಕುತ್ತೇವೆ ಇಲ್ಲವೇ ರೋಟವೇಟರ್ ಹೊಡೆಸುತ್ತೇವೆ. ಆ ಸೊಪ್ಪೆಯಲ್ಲಿ ಪ್ರೋಟೀನು ನೂರಕ್ಕೆ ನಾಲ್ಕೈದು ಇದ್ದರೆ ಹೆಚ್ಚು. ಹಸು ಗರಿ ಎಳೆದುಕೊಂಡು ದಂಟನ್ನು ಗೋದಲಿಯಲ್ಲೇ ಬಿಡುತ್ತದೆ. ಮೇವಿಗೆಂದೇ ಬೆಳೆಯುವವರು ಗಿಡದ ಎತ್ತರ ನೋಡುತ್ತಾರೆ, ಟ್ರೇಲರ್ ತುಂಬಿತೋ ಇಲ್ಲವೋ ನೋಡುತ್ತಾರೆ. ಆ ತೂಕದಲ್ಲಿ ನೀರೆಷ್ಟು, ಮೇವೆಷ್ಟು ಎಂದು ತೂಗಿ ನೋಡಿದ್ದೇ ಈ ಸಲದ ಮುಖ್ಯ ಕೆಲಸ.

1. ಮೃಗಶಿರಾ: ನೆಲ, ಬೀಜ, ಸಾಲು

ರೋಹಿಣಿಯಲ್ಲಿ ಉಳುಮೆ, ಎರಡು ಟ್ರ್ಯಾಕ್ಟರ್ ಲೋಡ್ ಕೊಟ್ಟಿಗೆ ಗೊಬ್ಬರ, ಆಮೇಲೆ ರೋಟವೇಟರ್. ಜೂನ್ 18ಕ್ಕೆ ಬಿತ್ತನೆ.

ಮೊದಲ ತುಂಡು, 10 ಗುಂಟೆ: ಆಫ್ರಿಕನ್ ಟಾಲ್, ಮೇವಿಗೆಂದೇ ಬೆಳೆಯುವ ಎತ್ತರದ ಮೆಕ್ಕೆಜೋಳ ತಳಿ. ಸಾಲಿಗೆ ಸಾಲು 1 ಅಡಿ, ಗಿಡಕ್ಕೆ ಗಿಡ 6 ಇಂಚು. ಬೀಜ 6 ಕೆಜಿ. ಇದು ಹಸಿಯಾಗಿ ಕೊಯ್ದು ಹಾಕಲು.

ಎರಡನೇ ತುಂಡು, 20 ಗುಂಟೆ: ಕಾಳಿಗೆ ಹಾಕುವ ಮಾಮೂಲಿ ಹೈಬ್ರಿಡ್, 4 ಕೆಜಿ ಪ್ಯಾಕೆಟ್. ಸಾಲಿಗೆ ಸಾಲು 2 ಅಡಿ, ಗಿಡಕ್ಕೆ ಗಿಡ 8 ಇಂಚು. ಇದು ರಸಮೇವಿಗೆ. ಮೇವಿಗೆ ಬೆಳೆಯುವಾಗ ಯಾಕೆ ಇಷ್ಟು ಅಗಲ ಬಿಟ್ಟೆ ಎಂದು ಪಕ್ಕದ ಹೊಲದವರು ಕೇಳಿದರು. ರಸಮೇವಿನ ಬಲ ಇರುವುದು ತೆನೆಯಲ್ಲಿ. ಚೆನ್ನಾಗಿ ತೆನೆ ಕಟ್ಟಿದ ಗಿಡದ ಒಣ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ತೆನೆಯದ್ದೇ. ಒತ್ತಾಗಿ ಬಿತ್ತಿದರೆ ದಂಟು ಸಣ್ಣಗಾಗಿ ಎತ್ತರಕ್ಕೆ ಹೋಗುತ್ತದೆ, ನೆರಳಿಗೆ ತೆನೆ ಕಟ್ಟುವುದಿಲ್ಲ, ಕಟ್ಟಿದರೂ ಬೆರಳುದ್ದ. ಹಸಿ ಕೊಯ್ದು ಹಾಕುವುದಕ್ಕೆ ಅದು ನಡೆಯುತ್ತದೆ, ಗುಂಡಿಗೆ ನಡೆಯುವುದಿಲ್ಲ.

ಮೂರನೇ ತುಂಡು, 10 ಗುಂಟೆ: ಆಫ್ರಿಕನ್ ಟಾಲ್ ಎರಡು ಸಾಲಿಗೆ ಅಲಸಂದೆ ಒಂದು ಸಾಲು. ಇದನ್ನು ಬೇಕೆಂದೇ ಎರಡು ವಾರ ತಡಮಾಡಿ ಆರಿದ್ರಾ ಮಳೆಯಲ್ಲಿ ಬಿತ್ತಿದೆ. ಐದು ಹಸುವಿಗೆ ದಿನಕ್ಕೆ 125 ಕೆಜಿ ಹಸಿ ಮೇವು ಅಂದರೆ 10 ಗುಂಟೆ ಕೊಯ್ದು ಮುಗಿಸಲು ತಿಂಗಳ ಮೇಲಾಗುತ್ತದೆ. ಎಲ್ಲ ಒಂದೇ ದಿನ ಬಿತ್ತಿದರೆ ಮೊದಲು ಕೊಯ್ದದ್ದು ಎಳೆಯದು, ಕೊನೆಗೆ ಕೊಯ್ದದ್ದು ಬಲಿತು ಗಟ್ಟಿಯಾದದ್ದು.

ಬುಡಕ್ಕೆ ಕೊಟ್ಟದ್ದು ಎಕರೆ ಲೆಕ್ಕದಲ್ಲಿ: ಡಿಎಪಿ ಒಂದು ಚೀಲ (50 ಕೆಜಿ, 1,350 ರೂ.), ಪೊಟ್ಯಾಷ್ 25 ಕೆಜಿ, ಜಿಂಕ್ ಸಲ್ಫೇಟ್ 4 ಕೆಜಿ. ಜಿಂಕನ್ನು ಡಿಎಪಿ ಜೊತೆ ಕಲಸಬಾರದು. ರಂಜಕಕ್ಕೆ ಅಂಟಿಕೊಂಡು ಎರಡೂ ಗಿಡಕ್ಕೆ ಸಿಗದೆ ಹೋಗುತ್ತವೆ. ಮೂರು ದಿನ ಮೊದಲೇ ಪುಡಿ ಗೊಬ್ಬರದಲ್ಲಿ ಬೆರೆಸಿ ಎರಚಿದೆ. ನಮ್ಮ ಕೆಂಪು ನೆಲದಲ್ಲಿ ಜಿಂಕ್ ಬಿಟ್ಟ ವರ್ಷ ಎಳೆ ಗರಿಯಲ್ಲಿ ನಡುನರದ ಎರಡೂ ಬದಿ ಬಿಳಿ ಪಟ್ಟೆ ಬರುತ್ತದೆ. ಈ ಸಲ ಎಲ್ಲೂ ಕಾಣಲಿಲ್ಲ.

2. ಆರಿದ್ರಾ: ಕಳೆ, ಸುಳಿಯ ಹುಳು

ಮೊದಲ ಎರಡು ತುಂಡಿಗೆ ಬಿತ್ತಿದ ಮಾರನೇ ದಿನ, ನೆಲ ಹಸಿ ಇರುವಾಗಲೇ ಅಟ್ರಾಜಿನ್ 50 ಪುಡಿ, ಎಕರೆಗೆ 500 ಗ್ರಾಂ ಲೆಕ್ಕದಲ್ಲಿ ಹೊಡೆದೆ. ಅಲಸಂದೆ ಇರುವ ತುಂಡಿಗೆ ಇದು ಮುಟ್ಟಬಾರದು. ಅಟ್ರಾಜಿನ್ ಮೆಕ್ಕೆಜೋಳಕ್ಕೆ ಏನೂ ಮಾಡುವುದಿಲ್ಲ, ಅಲಸಂದೆಯನ್ನು ಮೊಳಕೆಯಲ್ಲೇ ಸುಡುತ್ತದೆ. ಅಲ್ಲಿಗೆ ಪೆಂಡಿಮೆಥಾಲಿನ್ ಬಳಸಿದೆ, ಅದನ್ನು ಎರಡೂ ಬೆಳೆ ತಡೆದುಕೊಳ್ಳುತ್ತವೆ. ಪಂಪು ತೊಳೆಯದೆ ಒಂದರ ಹಿಂದೆ ಇನ್ನೊಂದು ಹೊಡೆಯಬೇಡಿ. ಎರಡು ತುಂಡಿನ ಗಡಿಯಲ್ಲಿ ಗಾಳಿಗೆ ಹಾರಿದ ಅಟ್ರಾಜಿನ್‌ಗೇ ಅಲಸಂದೆಯ ಒಂದು ಸಾಲು ಅರ್ಧ ಹೋಯಿತು.

ಆಮೇಲೆ ಹುಳು. ಫಾಲ್ ಸೈನಿಕ ಹುಳು ದೇಶದಲ್ಲಿ ಮೊದಲು ಕಂಡದ್ದೇ 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಅಂದಿನಿಂದ ಅದಿಲ್ಲದ ಮುಂಗಾರು ಇಲ್ಲ. ಬಿತ್ತಿ ಹತ್ತು ಹನ್ನೆರಡು ದಿನಕ್ಕೇ ಬೆಳಿಗ್ಗೆ ಸಾಲಿನಲ್ಲಿ ನಡೆದು ಗರಿ ನೋಡಬೇಕು. ಮೊದಲು ಗರಿಯ ಹಸಿರು ಕೆರೆದು ತೆಳ್ಳನೆಯ ಬಿಳಿ ಕಿಟಕಿ ಬಿದ್ದಿರುತ್ತದೆ. ಆಮೇಲೆ ಸುಳಿಯಲ್ಲಿ ತೂತು, ಮರದ ಹೊಟ್ಟಿನಂಥ ಹಿಕ್ಕೆ. ಹುಳು ಹಿಡಿದು ನೋಡಿದರೆ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ.

ಹಸಿಯಾಗಿ ತಿನ್ನಿಸುವ ತುಂಡುಗಳಿಗೆ ಬೇವಿನ ಔಷಧ ಮಾತ್ರ (ಅಜಾಡಿರಾಕ್ಟಿನ್ 1500 ಪಿಪಿಎಂ, ಲೀಟರಿಗೆ 5 ಎಂಎಲ್), ಅದೂ ಮೊಟ್ಟೆ, ಮರಿ ಇರುವಾಗಲೇ. ರಸಮೇವಿನ ತುಂಡಿಗೆ ಇಪ್ಪತ್ತನೇ ದಿನದ ಸುಮಾರಿಗೆ ಒಮ್ಮೆ ಇಮಾಮೆಕ್ಟಿನ್ ಬೆಂಜೊಯೇಟ್, ಲೀಟರಿಗೆ 0.4 ಗ್ರಾಂ. ಸುಳಿಯೊಳಗೆ ಬೀಳುವಂತೆ ಮೇಲಿನಿಂದ ಹೊಡೆಯಬೇಕು, ಗರಿ ನೆನೆಸಿದರೆ ಪ್ರಯೋಜನವಿಲ್ಲ. ಕಟಾವಿಗೆ ಎರಡು ತಿಂಗಳ ಮೇಲೆ ಅಂತರ ಸಿಕ್ಕಿತು. ಹಾಲು ಕೊಡುವ ಹಸು ತಿನ್ನುವ ಮೇವಿಗೆ ಔಷಧ ಹೊಡೆದು ತಿಂಗಳೊಳಗೆ ಕೊಯ್ಯುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

3. ಪುನರ್ವಸು, ಪುಷ್ಯ: ಯೂರಿಯಾ

ಎಕರೆಗೆ ಎರಡು ಚೀಲ (45 ಕೆಜಿಯದು, ಚೀಲಕ್ಕೆ 266 ರೂ. 50 ಪೈಸೆ). ಒಂದು ಚೀಲ ಮೊಣಕಾಲುದ್ದ ಇರುವಾಗ ಎಡೆ ಹೊಡೆದ ಮೇಲೆ, ಇನ್ನೊಂದು ಸೂಲಂಗಿ (ಗಿಡದ ತುದಿಯ ಗಂಡು ಹೂ) ಬರುವ ಮುಂಚೆ. ಡಿಎಪಿಯಲ್ಲಿನ ಸಾರಜನಕವೂ ಸೇರಿ ಎಕರೆಗೆ ಸುಮಾರು 50 ಕೆಜಿ ಆಗುತ್ತದೆ.

ಮೊದಲ ತುಂಡಿನಲ್ಲಿ ಒಂದು ಪಟ್ಟೆಗೆ ಮಾತ್ರ ಎಕರೆಗೆ ಇನ್ನೊಂದು ಚೀಲದ ಲೆಕ್ಕದಲ್ಲಿ ಹೆಚ್ಚಿಗೆ ಯೂರಿಯಾ ಕೊಟ್ಟೆ. ನಮ್ಮ ಕಡೆ ಮೇವಿಗೆ ಎಲ್ಲರೂ ಮಾಡುವುದು ಇದನ್ನೇ, ಎಷ್ಟು ಫಲ ಕೊಡುತ್ತದೆ ನೋಡೋಣ ಅಂತ. ಹತ್ತು ದಿನದಲ್ಲಿ ಆ ಪಟ್ಟೆ ದೂರದಿಂದಲೇ ಬೇರೆ ಕಾಣತೊಡಗಿತು. ಕಡು ಹಸಿರು, ಉಳಿದದ್ದಕ್ಕಿಂತ ಅರ್ಧ ಅಡಿ ಎತ್ತರ. ಆಶ್ಲೇಷಾ ಮಳೆಯ ಗಾಳಿಗೆ ಮೊದಲು ಮಲಗಿದ್ದೂ ಅದೇ. ಮಲಗಿದ ಗಿಡದ ಕೆಳಗಿನ ಗರಿ ಮಣ್ಣು ಹತ್ತಿ ಕೊಳೆಯಿತು, ಕುಡುಗೋಲು ಹಾಕಲು ಹೆಣ್ಣಾಳುಗಳಿಗೆ ದುಪ್ಪಟ್ಟು ಹೊತ್ತು ಹಿಡಿಯಿತು.

ಯೂರಿಯಾ ವಿಷಯದಲ್ಲಿ ಇನ್ನೊಂದು ಮಾತು, ಇದು ಹಸುವಿನ ಜೀವದ ಪ್ರಶ್ನೆ. ಯೂರಿಯಾ ಜಾಸ್ತಿ ಹಾಕಿ, ಆಮೇಲೆ ಮಳೆ ಕೈಕೊಟ್ಟು ಗಿಡ ಬಾಡಿದರೆ ನೈಟ್ರೇಟು ದಂಟಿನಲ್ಲಿ, ಅದರಲ್ಲೂ ಬುಡದ ಕಡೆ ತುಂಬಿಕೊಳ್ಳುತ್ತದೆ. ಬರ ಕಳೆದು ಮೊದಲ ಮಳೆ ಬಿದ್ದ ಎರಡು ಮೂರು ದಿನ ಇನ್ನೂ ಅಪಾಯ. ಅಂಥ ಮೇವು ಹಸಿದ ಹಸುವಿಗೆ ಹೊಟ್ಟೆತುಂಬ ಹಾಕಿದರೆ ರಕ್ತ ಕಂದು ಬಣ್ಣಕ್ಕೆ ತಿರುಗಿ ಉಸಿರು ಕಟ್ಟಿ ಬೀಳುತ್ತದೆ. ಜಗಳೂರು, ಚಳ್ಳಕೆರೆ ಕಡೆಯ ಮಳೆಯಾಶ್ರಿತ ಹೊಲದವರು ಇದನ್ನು ನೆನಪಿಡಬೇಕು. ವಾರ ಕಾದು, ಬುಡ ಒಂದು ಅಡಿ ಬಿಟ್ಟು ಕೊಯ್ದು, ಒಣ ಮೇವಿನ ಜೊತೆ ಬೆರೆಸಿ ಹಾಕಿ. ರಸಮೇವು ಮಾಡಿದರೆ ಹುಳಿಯುವಾಗ ನೈಟ್ರೇಟಿನ ಒಂದು ದೊಡ್ಡ ಪಾಲು ಕಡಿಮೆಯಾಗುತ್ತದೆ.

4. ಮಖಾ: ಮೊದಲ ಕಟಾವು, ತೂಕದ ಲೆಕ್ಕ

ಆಗಸ್ಟ್ 20ರ ಹೊತ್ತಿಗೆ ಮೊದಲ ತುಂಡಿನಲ್ಲಿ ಸೂಲಂಗಿ ಬಂದು ತೆನೆಗೆ ರೇಷ್ಮೆ ಇಳಿದಿತ್ತು. ಹಸಿ ಮೇವಿಗೆ ಸರಿಯಾದ ಕಾಲ. ಪೈಪಿನಿಂದ ಒಂದು ಮೀಟರ್ ಚೌಕ ಮಾಡಿಕೊಂಡು, ನಾಲ್ಕು ಕಡೆ ಇಟ್ಟು ಕೊಯ್ದು ತೂಗಿ ಸರಾಸರಿ ತೆಗೆದೆ. ಎಕರೆ ಅಂದರೆ 4,047 ಚದರ ಮೀಟರ್.

ನೀರಿನಂಶಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಸಾಕು. ಕತ್ತರಿಸಿದ ಮೇವು 200 ಗ್ರಾಂ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಒಣಗಿಸಬೇಕು. ಕಂದಬಾರದು, ಹೊತ್ತಬಾರದು. ಮತ್ತೆ ಮತ್ತೆ ತೂಗಿ, ತೂಕ ಇಳಿಯುವುದು ನಿಂತಾಗ ಉಳಿದದ್ದೇ ಒಣ ಮೇವು.

ಮಾಮೂಲಿ ಪಟ್ಟೆ: ಚದರ ಮೀಟರಿಗೆ 5 ಕೆಜಿ, ಅಂದರೆ ಎಕರೆಗೆ 20 ಟನ್ ಚಿಲ್ಲರೆ. 200 ಗ್ರಾಂ ಒಣಗಿ 39 ಗ್ರಾಂ. ಒಣ ಲೆಕ್ಕ ಎಕರೆಗೆ 3,946 ಕೆಜಿ.

ಹೆಚ್ಚಿಗೆ ಯೂರಿಯಾ ಪಟ್ಟೆ, ಮಲಗದೆ ನಿಂತಿದ್ದ ಕಡೆ: 5.6 ಕೆಜಿ, ಎಕರೆಗೆ 22.7 ಟನ್. 200 ಗ್ರಾಂ ಒಣಗಿ 35 ಗ್ರಾಂ. ಒಣ ಲೆಕ್ಕ 3,966 ಕೆಜಿ.

ಎರಡೂವರೆ ಟನ್ ಹೆಚ್ಚು ಕಡಿದು, ಹೊತ್ತು, ಯಂತ್ರಕ್ಕೆ ಹಾಕಿ ಸಿಕ್ಕ ಮೇವು 20 ಕೆಜಿ. ಉಳಿದದ್ದೆಲ್ಲ ನೀರು. ಸಾರಜನಕ ಹೆಚ್ಚಿದರೆ ಪ್ರೋಟೀನು ಕೊಂಚ ಏರುತ್ತದೆ ನಿಜ. ಪ್ರೋಟೀನು ಬೇಕಿದ್ದರೆ ಅಲಸಂದೆ ಹಾಕಿ. ಮೆಕ್ಕೆಜೋಳದ ಹಸಿ ಮೇವಿನಲ್ಲಿ ಒಣ ತೂಕದ ಲೆಕ್ಕಕ್ಕೆ ಪ್ರೋಟೀನು ನೂರಕ್ಕೆ ಎಂಟರ ಆಸುಪಾಸು, ಅಲಸಂದೆಯಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು, ಮೇಲಾಗಿ ನೆಲಕ್ಕೂ ಒಳ್ಳೆಯದು. ಮೂರನೇ ತುಂಡನ್ನು ಕಾಯಿ ಕಟ್ಟಲು ಶುರುವಾದಾಗ ಎರಡನ್ನೂ ಸೇರಿಸಿ ಕೊಯ್ದೆ. ಹಸುಗಳು ಗೋದಲಿಯಲ್ಲಿ ಮೊದಲು ಆರಿಸಿ ತಿಂದದ್ದು ಅಲಸಂದೆ ಬಳ್ಳಿಯನ್ನೇ.

5. ಗುಂಡಿ: ನಾಲ್ಕಡಿ ಅಗಲ ಯಾಕೆ

ರಸಮೇವು ಕೆಡುವುದು ಹೆಚ್ಚಾಗಿ ಮಾಡುವಾಗಲ್ಲ, ತೆಗೆದು ಬಳಸುವಾಗ. ಭರಮಸಾಗರದ ಕಡೆ ನೆಂಟರ ಮನೆಯಲ್ಲಿ 8 ಅಡಿ ಅಗಲ, 5 ಅಡಿ ಆಳದ ಗುಂಡಿ ಮಾಡಿದ್ದರು. ತುಂಬಿದ್ದು ಚೆನ್ನಾಗಿತ್ತು, ಟ್ರ್ಯಾಕ್ಟರ್ ಹತ್ತಿಸಿ ತುಳಿಸಿದ್ದರು. ತೆರೆದ ಮೇಲೆ ಅರ್ಧ ಹಾಳಾಯಿತು. ಅವರಿಗೂ ನಮ್ಮಷ್ಟೇ ಹಸು. ದಿನಕ್ಕೆ 75 ಕೆಜಿ ತೆಗೆದರೆ ಅಷ್ಟು ಅಗಲದ ಮುಖದಲ್ಲಿ ಒಂದೂವರೆ ಇಂಚು ಮಾತ್ರ ಹಿಂದೆ ಸರಿಯುತ್ತದೆ. ಗಾಳಿ ಅದಕ್ಕಿಂತ ಬೇಗ ಒಳಗೆ ಹೋಗುತ್ತದೆ. ಇವತ್ತು ತೆಗೆಯುವ ಮೇವು ನಿನ್ನೆಯೇ ಬಿಸಿಯಾಗಿ ಬೂಸಲು ಹಿಡಿದಿರುತ್ತದೆ. ದಿನಕ್ಕೆ ನಾಲ್ಕು ಇಂಚಾದರೂ ಸರಿಯಬೇಕು.

ಅದಕ್ಕೆ ಲೆಕ್ಕವನ್ನು ಹಸುವಿನಿಂದ ಶುರು ಮಾಡಿದೆ. 5 ಹಸು, ತಲಾ 15 ಕೆಜಿ, ದಿನಕ್ಕೆ 75 ಕೆಜಿ. ಕಾಲಲ್ಲಿ ತುಳಿದ ರಸಮೇವು ಘನ ಮೀಟರಿಗೆ 500 ಕೆಜಿಗೆ ತುಸು ಕಡಿಮೆ. ನಾಲ್ಕು ಇಂಚು ಸರಿಯಲು ಮುಖ 4 ಅಡಿಗೆ 4 ಅಡಿ ಇರಬೇಕು. ಉದ್ದ 30 ಅಡಿ ಇಟ್ಟರೆ ಆರೂವರೆ ಟನ್ ಹಿಡಿಯುತ್ತದೆ.

ಜೆಸಿಬಿ ಹುಡುಗ ಅಳತೆ ನೋಡಿ, "ಅಕ್ಕಾ, ನಾಲ್ಕಡಿಗೆ ಟ್ರ್ಯಾಕ್ಟರ್ ಇಳಿಯಂಗಿಲ್ಲ ನೋಡ್ರಿ, ತುಳಿಸೋದು ಹೆಂಗೆ?" ಅಂದ. ಅವನು ಕೇಳಿದ್ದು ಸರಿ. ಟ್ರ್ಯಾಕ್ಟರ್ ತುಳಿತ ಬಿಟ್ಟು, ಆಳುಗಳ ಕಾಲು ಮತ್ತು ನೀರು ತುಂಬಿದ ಡ್ರಮ್ಮನ್ನು ನಂಬಿದೆ.

ಜಾಗ ಕೊಟ್ಟಿಗೆಯ ಹಿಂದಿನ ದಿಬ್ಬ, ಗರಸು ನೆಲ, ಮಳೆ ನೀರು ನಿಲ್ಲದ ಕಡೆ. ತಳ ತೆಗೆಯುವ ತುದಿಯ ಕಡೆಗೆ ತುಸು ಇಳಿಜಾರು. ಗೋಡೆಯ ಕಲ್ಲುಮೊನೆಗಳನ್ನು ಸವರಿ, ಕೆಸರು ಮಣ್ಣು ಮೆತ್ತಿ, ದಪ್ಪ ಪಾಲಿಥಿನ್ ಶೀಟು ಹಾಸಿದೆ. ಮೇಲೆ ಮುಚ್ಚಲು ಬೇರೆ ಶೀಟು. ಭಾರಕ್ಕೆ ದಾವಣಗೆರೆಯ ಪಂಕ್ಚರ್ ಅಂಗಡಿಗಳಿಂದ ಹಳೇ ಟೈರು.

6. ಉತ್ತರಾ: ಕಟಾವು, ತುಂಬುವುದು

ಕಟಾವಿನ ದಿನವನ್ನು ಕ್ಯಾಲೆಂಡರಲ್ಲ, ಕಾಳು ಹೇಳಬೇಕು. ಹೊಲದ ನಡುವಿನಿಂದ ನಾಲ್ಕಾರು ತೆನೆ ಕಿತ್ತು, ನಡುವೆ ಮುರಿದು, ತುದಿಯ ಕಡೆಯ ಅರ್ಧವನ್ನು ಹಿಡಿದು ಕಾಳು ನೋಡಿ. ಹೊರತುದಿಯಿಂದ ಗಟ್ಟಿ ಹಳದಿ ಭಾಗ, ಬುಡದ ಕಡೆ ಬೆಳ್ಳಗಿನ ಹಾಲು, ನಡುವೆ ಒಂದು ಗೆರೆ. ಉಗುರಿನಿಂದ ಒತ್ತಿದರೆ ಎಲ್ಲಿ ಹಾಲು ಚಿಮ್ಮುತ್ತದೆ ಎಂದು ಗೊತ್ತಾಗುತ್ತದೆ. ಆ ಗೆರೆ ಕಾಳಿನ ಅರ್ಧಕ್ಕೆ ಇಳಿದಾಗ ಇಡೀ ಗಿಡದಲ್ಲಿ ಒಣ ಅಂಶ ನೂರಕ್ಕೆ 30ರಿಂದ 35 ಇರುತ್ತದೆ. ಹಾಲುಗಾಳಿನಲ್ಲೇ ಕೊಯ್ದರೆ ನೀರು ಹೆಚ್ಚಾಗಿ ಗುಂಡಿಯ ಬುಡದಿಂದ ರಸ ಸೋರುತ್ತದೆ, ಅದರ ಜೊತೆ ಸಕ್ಕರೆ ಅಂಶವೂ ಹೋಗುತ್ತದೆ, ವಾಸನೆ ಕೆಡುತ್ತದೆ. ಕಾಳು ಪೂರ್ತಿ ಗಟ್ಟಿಯಾದರೆ ಗರಿ ಒಣಗಿ, ಎಷ್ಟು ತುಳಿದರೂ ಗಾಳಿ ಹೊರಗೆ ಹೋಗದು.

ನಮ್ಮ ಹೈಬ್ರಿಡ್‌ನಲ್ಲಿ ಗೆರೆ ಅರ್ಧಕ್ಕೆ ಬಂದದ್ದು ಸೆಪ್ಟೆಂಬರ್ ಮೂರನೇ ವಾರ. ತೂಕ ಚದರ ಮೀಟರಿಗೆ 3.8 ಕೆಜಿ, ಎಕರೆ ಲೆಕ್ಕದಲ್ಲಿ 15.4 ಟನ್. ಬಾಣಲೆಯಲ್ಲಿ 200 ಗ್ರಾಂ ಒಣಗಿ 64. ಒಣ ಲೆಕ್ಕ ಎಕರೆಗೆ 4,921 ಕೆಜಿ. ಹಸಿ ತೂಕದಲ್ಲಿ ಆಫ್ರಿಕನ್ ಟಾಲ್‌ಗಿಂತ ಐದು ಟನ್ ಹತ್ತಿರ ಕಡಿಮೆ, ಒಣ ತೂಕದಲ್ಲಿ ಒಂದು ಟನ್ ಹತ್ತಿರ ಹೆಚ್ಚು, ಅದೂ ಕಾಳು ತುಂಬಿದ ತೆನೆ ಸಮೇತ. ತಿಂಗಳು ಹೆಚ್ಚಿಗೆ ಹೊಲದಲ್ಲಿ ನಿಂತಿತ್ತು ಎನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮನೆಯ 2 ಎಚ್‌ಪಿ ಮೇವು ಕತ್ತರಿಸುವ ಯಂತ್ರ ಇದಕ್ಕೆ ಆಗಲಿಲ್ಲ. ತೆನೆ ಸಮೇತ ಹಾಕಿದರೆ ಮೋಟರು ನಿಲ್ಲುತ್ತಿತ್ತು, ತುಂಡು ಎರಡು ಇಂಚಿಗೆ ಬೀಳುತ್ತಿತ್ತು. ಅಷ್ಟು ಉದ್ದದ ತುಂಡು ತುಳಿದರೂ ಪುಟಿದೇಳುತ್ತದೆ. ಟ್ರ್ಯಾಕ್ಟರಿಗೆ ಕಟ್ಟುವ ಯಂತ್ರ ಬಾಡಿಗೆಗೆ ತಂದು, ಬ್ಲೇಡು ಸಾಣೆ ಹಿಡಿಸಿ, ಅರ್ಧ ಇಂಚಿನಿಂದ ಮುಕ್ಕಾಲು ಇಂಚಿಗೆ ಹೊಂದಿಸಿದೆ. ಕತ್ತರಿಸಿದ್ದನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಬಿಟ್ಟಾಗ ಉಂಡೆ ನಿಧಾನಕ್ಕೆ ಬಿಚ್ಚಿಕೊಳ್ಳಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಹಾಗೇ ಇತ್ತು.

ಗುಂಡಿ ಪೂರ್ತಿ ತೆಳ್ಳಗೆ ಹರಡಿ ತುಂಬುವುದಲ್ಲ. ಒಂದು ತುದಿಯಿಂದ ಹತ್ತಡಿ ಹಿಡಿದು, ಅರ್ಧ ಅಡಿ ಪದರ ಹಾಕಿ ತುಳಿದು, ಡ್ರಮ್ ಉರುಳಿಸಿ, ಮತ್ತೆ ಪದರ. ಅಂಚು, ಮೂಲೆಗಳನ್ನು ಹಿಮ್ಮಡಿಯಿಂದ ಒತ್ತಬೇಕು. ನೆಲಮಟ್ಟಕ್ಕಿಂತ ಒಂದಡಿ ಮೇಲೆ ಗುಮ್ಮಟ ಮಾಡಿ ಮುಚ್ಚುವುದು, ಆಮೇಲೆ ಮುಂದಿನ ಹತ್ತಡಿ. ಬೆಲ್ಲ, ಉಪ್ಪು ಏನೂ ಬೆರೆಸಲಿಲ್ಲ. ಮೆಕ್ಕೆಜೋಳದಲ್ಲಿ ಹುಳಿಯಲು ಬೇಕಾದ ಸಕ್ಕರೆ ಅದರಲ್ಲೇ ಇದೆ.

ಎರಡನೇ ದಿನ ಮಧ್ಯಾಹ್ನ ಮಳೆ ಹಿಡಿಯಿತು. ತುಂಬುತ್ತಿದ್ದ ಮುಖಕ್ಕೆ ತಾಡಪಾಲು ಎಳೆದೆವು, ಆದರೆ ಗಾಳಿಗೆ ಒಂದು ಬದಿ ಹಾರಿ ಒಳಗೆ ನೀರು ಇಳಿಯಿತು. ನೆನೆದ ಪದರವನ್ನು ತೆಗೆದೆಸೆಯದೆ ಅದರ ಮೇಲೇ ಮುಂದಿನ ದಿನದ ಮೇವು ಬಿತ್ತು. ಅದು ತೆಗೆಯಲೇಬೇಕಿತ್ತು, ಯಾಕೆಂದು ಕೆಳಗೆ ಬರೆದಿದ್ದೇನೆ.

ಗುಂಡಿಯಲ್ಲಿ ಹಿಡಿಯದ ಸುಮಾರು ಒಂದು ಟನ್ನನ್ನು ಒಳಗೆ ಪ್ಲಾಸ್ಟಿಕ್ ಪದರವಿರುವ 40 ಕೆಜಿ ಚೀಲಗಳಿಗೆ ತುಂಬಿ, ಗಾಳಿ ಒತ್ತಿ ಕಟ್ಟಿದೆ.

7. ದೀಪಾವಳಿ ಕಳೆದ ಮೇಲೆ: ತೆರೆದಾಗ

45 ದಿನ ತುಂಬಿದ ಮೇಲೆ ನವೆಂಬರ್ ಮೊದಲ ವಾರ ತೆರೆದೆ. ಹಳದಿ ಮಿಶ್ರಿತ ತಿಳಿ ಹಸಿರು, ಮೂಗಿಗೆ ಹಿತವಾದ ಹುಳಿ ವಾಸನೆ, ಗರಿಯ ನರ ಬೇರೆಬೇರೆಯಾಗಿ ಕಾಣುತ್ತಿತ್ತು. ಹುಳಿ ಅಳೆಯುವ ಪಿಎಚ್ ಕಾಗದ 4 ತೋರಿಸಿತು. ಕೈಯಲ್ಲಿ ಹಿಡಿದರೆ ತಣ್ಣಗಿತ್ತು. ಬಿಸಿ ಇದ್ದರೆ ಗಾಳಿ ಹೋಗಿದೆ ಎಂದೇ ಅರ್ಥ.

ಕೆಟ್ಟದ್ದು ಮೂರು ಕಡೆ. ಮಳೆ ನೆನೆದ ಪದರ: ಕಪ್ಪಗೆ ಲೋಳೆ, ಕೆಟ್ಟ ಬೆಣ್ಣೆಯ ವಾಸನೆ, ಒಂದೂವರೆ ಅಡಿ ದಪ್ಪ. ಸುಮಾರು ಒಂದೂವರೆ ಕ್ವಿಂಟಲ್ ತಿಪ್ಪೆಗೆ ಹೋಯಿತು. ಎರಡನೆಯದು ಮೇಲ್ಭಾಗದ ಅಂಚಿನ ಭುಜಗಳು. ನಡುವೆ ಟೈರು ದಟ್ಟವಾಗಿತ್ತು, ಅಂಚಿಗೆ ಸಾಲದೆ ಬಂದು ಅಲ್ಲಿ ನಾಲ್ಕು ಬೆರಳು ಬಿಳಿ ಬೂಸಲು. ಮೂರನೆಯದು ಚೀಲಗಳು: ಇಲಿ ಕಡಿದ ಚೀಲದಲ್ಲಿ ತೂತಿನ ಸುತ್ತ ಬೊಗಸೆಯಷ್ಟಲ್ಲ, ಅರ್ಧ ಚೀಲವೇ ಬೂಸಲು. ಬೂಸಲು ಹಿಡಿದದ್ದನ್ನು ಒಣಗಿಸಿ ಹಾಕುತ್ತೇನೆ, ಸ್ವಲ್ಪ ಬೆರೆಸಿ ಹಾಕುತ್ತೇನೆ ಎನ್ನಬೇಡಿ, ಗಬ್ಬದ ಹಸುವಿಗಂತೂ ಬೇಡವೇ ಬೇಡ.

ಮೊದಲ ದಿನ ಹಸುಗಳು ಮೂಸಿ ನೋಡಿ ಹಿಂದೆ ಸರಿದವು. ತಲಾ 5 ಕೆಜಿಯಿಂದ ಶುರು ಮಾಡಿ, ಹಸಿ ಮೇವಿನ ಮೇಲೆ ಹರಡಿ, ವಾರದಲ್ಲಿ 15ಕ್ಕೆ ಏರಿಸಿದೆ. ಹಾಲು ಕರೆದ ಮೇಲೇ ಹಾಕುವುದು, ಮೊದಲೇ ಹಾಕಿದರೆ ವಾಸನೆ ಹಾಲಿಗೆ ಹತ್ತುತ್ತದೆ. ಈಗ ಗೋದಲಿಯಲ್ಲಿ ಏನೂ ಉಳಿಯುತ್ತಿಲ್ಲ. ಹಿಂಡಿಯನ್ನು ಹಸುವಿಗೆ ಒಂದು ಕೆಜಿ ಇಳಿಸಿದರೂ ಡೇರಿಯ ಚೀಟಿಯಲ್ಲಿ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ಇಳಿದಿಲ್ಲ.

8. ಖರ್ಚು, 20 ಗುಂಟೆಗೆ

ಉಳುಮೆ, ರೋಟವೇಟರ್ 1,500. ಬೀಜ 1,400. ಗೊಬ್ಬರ, ಜಿಂಕ್ ಸೇರಿ 1,490. ಕಳೆನಾಶಕ, ಹುಳುವಿನ ಔಷಧ 370. ಎಡೆ, ಗೊಬ್ಬರ ಹಾಕುವ, ಔಷಧ ಹೊಡೆಯುವ ಕೂಲಿ 1,800. ಕಟಾವು, ತುಂಬುವ ಕೂಲಿ 5,000. ಕತ್ತರಿಸುವ ಯಂತ್ರ, ಟ್ರ್ಯಾಕ್ಟರ್ ಬಾಡಿಗೆ 4,000. ಶೀಟು 3,600. ಜೆಸಿಬಿ 2,400. ಚೀಲ 750. ಒಟ್ಟು 22,310 ರೂ. ಏಳೂವರೆ ಟನ್ನಿಗೆ ಹಂಚಿದರೆ ಕೆಜಿಗೆ 3 ರೂಪಾಯಿ ಹತ್ತಿರ. ಮನೆಯವರ ದುಡಿಮೆ, ಕೊಟ್ಟಿಗೆ ಗೊಬ್ಬರ ಇದರಲ್ಲಿಲ್ಲ.

ಇದು ಪೂರ್ತಿ ಲೆಕ್ಕವಲ್ಲ. ಅದೇ 20 ಗುಂಟೆಯನ್ನು ಕಾಳಿಗೆ ಬಿಟ್ಟಿದ್ದರೆ ಹನ್ನೆರಡು ಕ್ವಿಂಟಲ್ ಬರುತ್ತಿತ್ತು. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂ. ಆ ದರವೇ ಸಿಕ್ಕಿದ್ದರೆ ಬೆಳೆಯ ಖರ್ಚು, ಮುರಿಯುವ, ಒಕ್ಕುವ ಖರ್ಚು ಕಳೆದು 18,000 ಕೈಗೆ ಬರಬೇಕಿತ್ತು. ಅದನ್ನೂ ಸೇರಿಸಿದರೆ ರಸಮೇವು ಕೆಜಿಗೆ 5 ರೂಪಾಯಿ 40 ಪೈಸೆ ಬೀಳುತ್ತದೆ. ಹಸು ಇಲ್ಲದವರು ಇದನ್ನು ಮಾಡಿ ಮಾರುತ್ತೇನೆ ಎಂದು ಹೊರಡುವ ಮುಂಚೆ ಈ ಎರಡನೇ ಅಂಕಿಯನ್ನು ನೋಡಬೇಕು. ಮನೆಯಲ್ಲೇ ತಿನ್ನುವ ಬಾಯಿ ಇರುವ ನನಗೆ ಇದು ಗಿಟ್ಟಿದೆ.

ಗುಂಡಿಯಲ್ಲಿರುವುದು ಫೆಬ್ರವರಿವರೆಗೆ ಬರುತ್ತದೆ. ಬೇಸಿಗೆಯ ಹಸಿ ಮೇವಿಗೆ ಆಫ್ರಿಕನ್ ಟಾಲ್ ಮತ್ತು ಅಲಸಂದೆಯನ್ನು ಜನವರಿಯಿಂದ ಹನ್ನೆರಡು ದಿನಕ್ಕೊಮ್ಮೆ ಮೂರು ಕಂತಿನಲ್ಲಿ ಬಿತ್ತುತ್ತೇನೆ. ಬಿಸಿಲಿಗೆ ವಾರಕ್ಕೊಮ್ಮೆಯಾದರೂ ನೀರು ಬೇಕು, ಬೋರ್ ಎಷ್ಟು ಕೊಡುತ್ತದೆ ನೋಡಿಕೊಂಡು ಗುಂಟೆ ನಿರ್ಧರಿಸಬೇಕು. ಗುಂಡಿಗೆ ಮುಂದಿನ ಮುಂಗಾರಿಗೆ ಮೊದಲು ಪೈಪ್ ಕಮಾನಿನ ಮೇಲೆ ತಗಡು ಹಾಕಿಸಲು ಆನಗೋಡಿನ ವೆಲ್ಡಿಂಗ್ ಅಂಗಡಿಯಲ್ಲಿ ದರ ಕೇಳಿದ್ದೇನೆ.